ಕರುವಿನ ಭೇದಿಗೆ ದೊಡ್ಡ ಹಸುವಿನ ಬೋಲಸ್ ಅರ್ಧ ಮಾಡಿ ಕೊಡಬಹುದೇ?

ಕೊಟ್ಟಿಗೆಮನೆ (ಪ್ರಶ್ನೆ)

ಎರಡು ಜಾನುವಾರುಗಳ ವಿಷಯ, ಒಂದೇ ಕಡೆ ಕೇಳಿಬಿಡುತ್ತೇನೆ.

ಮೊದಲನೆಯದು 9 ದಿನದ ಹೆಣ್ಣುಗರು, 38 ಕೆಜಿ. ನಿನ್ನೆ ಸಂಜೆಯಿಂದ ತಿಳಿಹಳದಿ ಬಣ್ಣದ, ನೀರಿನಂಥ ಭೇದಿ. ಬಾಲ, ತೊಡೆ ಪೂರ್ತಿ ಮೆತ್ತಿಕೊಂಡಿದೆ. ರಕ್ತ ಕಾಣುತ್ತಿಲ್ಲ. ಹಾಲು ಕುಡಿಯುತ್ತಿದೆ, ಆದರೆ ಮೊದಲಿನ ಆತುರ ಇಲ್ಲ.

ಎರಡನೆಯದು ಹಾಲು ಕೊಡುವ ಹಸು, ಅಂದಾಜು 400 ಕೆಜಿ. ಎರಡು ದಿನದಿಂದ ಸಗಣಿ ತೆಳ್ಳಗಾಗಿದೆ, ನಾತ ಜಾಸ್ತಿ, ಮೇವು ಅರ್ಧಕ್ಕೇ ಬಿಡುತ್ತಿದೆ.

ಕೈಯಲ್ಲಿರುವುದು ಸಲ್ಫಾಡಿಮಿಡಿನ್ (ಸಲ್ಫಾ ಗುಂಪಿನ ಆಂಟಿಬಯೋಟಿಕ್) 5 ಗ್ರಾಂ ಬೋಲಸ್, ಅಂದರೆ ಜಾನುವಾರಿಗೆ ನುಂಗಿಸುವ ದೊಡ್ಡ ಮಾತ್ರೆ, ಮತ್ತು ಟ್ರೈಮೆಥೊಪ್ರಿಮ್ ಸೇರಿರುವ ಇನ್ನೊಂದು ಸಲ್ಫಾ ಬೋಲಸ್. ಕರುವಿಗೆ ಇದರಲ್ಲೇ ಅರ್ಧ ಮುರಿದು ಕೊಡಬಹುದೇ? ಹಸುವಿಗೆ ಎಷ್ಟು, ಎಷ್ಟು ದಿನ? ಚುಚ್ಚುಮದ್ದಿಗಿಂತ ಬಾಯಿಗೆ ಹಾಕುವ ಔಷಧವೇ ಕರುಳಿಗೆ ನೇರವಾಗಿ ತಾಗುತ್ತದೆ ಎನ್ನುತ್ತಾರಲ್ಲ, ಅದು ನಿಜವೇ?

---

ಪಶುವೈದ್ಯೆ_ಕ್ಷೇತ್ರಕಾರ್ಯ

ಬೋಲಸ್ ಮುರಿಯುವ ಮೊದಲು ಥರ್ಮಾಮೀಟರ್ ಹಾಕಿ. ಕರುವಿಗೆ ಆಂಟಿಬಯೋಟಿಕ್ ಬೇಕೋ ಬೇಡವೋ ಎಂಬುದು ಸಗಣಿ ಎಷ್ಟು ನೀರಾಗಿದೆ ಎಂಬುದರ ಮೇಲೆ ನಿಂತಿಲ್ಲ. ಜ್ವರ ಇದೆಯೇ, ಬಾಯಿಗೆ ಬೆರಳಿಟ್ಟರೆ ಗಟ್ಟಿಯಾಗಿ ಚೀಪುತ್ತದೆಯೇ, ಎಬ್ಬಿಸಿದರೆ ತಾನಾಗಿ ನಿಲ್ಲುತ್ತದೆಯೇ, ಸಗಣಿಯಲ್ಲಿ ರಕ್ತ ಇದೆಯೇ ಎಂಬುದನ್ನು ನೋಡಬೇಕು. ಕರುವಿನ ಸಹಜ ತಾಪಮಾನ 38.5ರಿಂದ 39.5 ಡಿಗ್ರಿ ಸೆಲ್ಸಿಯಸ್. ಅದರೊಳಗಿದ್ದು, ಹಾಲು ಕುಡಿಯುತ್ತಾ, ಕಣ್ಣು ಚುರುಕಾಗಿದ್ದರೆ ಆಂಟಿಬಯೋಟಿಕ್ ಕೊಡುವುದಿಲ್ಲ. 39.5 ದಾಟಿದ್ದರೆ, ಹಾಲು ಬಿಟ್ಟಿದ್ದರೆ, ಮಂಕಾಗಿದ್ದರೆ ಅಥವಾ ರಕ್ತ ಬಂದರೆ ಕೊಡಬೇಕು. 38ಕ್ಕಿಂತ ಕೆಳಗಿಳಿದು ಕಿವಿ, ಕಾಲು ತಣ್ಣಗಾಗಿದ್ದರೆ ಅದು ಜ್ವರಕ್ಕಿಂತ ಕೆಟ್ಟದ್ದು. ಮನೆಮದ್ದಿಗೂ ಮಾತ್ರೆಗೂ ಕಾಯದೆ ರಕ್ತನಾಳಕ್ಕೆ ಡ್ರಿಪ್ ಹಾಕಿಸಬೇಕು.

ಹೀಗೆ ಹೇಳಲು ಕಾರಣ ವಯಸ್ಸು. ಹುಟ್ಟಿದ ಮೊದಲ 4-5 ದಿನದೊಳಗೆ ಧಾರಾಕಾರ ಭೇದಿಯಾದರೆ ವಿಷ ಸ್ರವಿಸುವ ಇ. ಕೋಲಿ ಮೇಲೆ ಮೊದಲ ಅನುಮಾನ. ಅಲ್ಲಿ ಆಂಟಿಬಯೋಟಿಕ್‌ಗೆ ಅರ್ಥವಿದೆ. 5 ದಿನದಿಂದ ಎರಡು-ಮೂರು ವಾರದವರೆಗೆ ಬರುವುದರಲ್ಲಿ ದೊಡ್ಡ ಪಾಲು ರೋಟಾವೈರಸ್, ಕೊರೊನಾವೈರಸ್ ಮತ್ತು ಕ್ರಿಪ್ಟೊಸ್ಪೊರಿಡಿಯಂ ಎಂಬ ಏಕಕೋಶಿ ಪರಾವಲಂಬಿಯದು. ಈ ಮೂರಕ್ಕೂ ಸಲ್ಫಾ, ಟೆಟ್ರಾಸೈಕ್ಲಿನ್, ನಿಯೋಮೈಸಿನ್ ಯಾವ ಆಂಟಿಬಯೋಟಿಕ್ಕೂ ತಟ್ಟುವುದಿಲ್ಲ. ಮೂರು ವಾರ ದಾಟಿದ ಮೇಲೆ ಕಾಕ್ಸಿಡಿಯಾ ಎಂಬ ಇನ್ನೊಂದು ಕರುಳಿನ ಪರಾವಲಂಬಿ ಸಾಲಿಗೆ ಬರುತ್ತದೆ, ಅದಕ್ಕೆ ಸಲ್ಫಾ ನಿಜಕ್ಕೂ ಕೆಲಸ ಮಾಡುತ್ತದೆ. ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾಕ್ಕೆ ವಯಸ್ಸಿನ ಹಂಗಿಲ್ಲ. ನಿಮ್ಮ ಕರು 9 ದಿನದ್ದು, ಅಂದರೆ ಆ ಬೋಲಸ್ ಹೊಡೆಯಬೇಕಾದ ಗುರಿಯೇ ಅದರ ಕರುಳಿನಲ್ಲಿ ಇಲ್ಲದಿರುವ ಸಾಧ್ಯತೆ ಹೆಚ್ಚು.

ಭೇದಿಯಾದ ಕರು ಸಾಮಾನ್ಯವಾಗಿ ಸಾಯುವುದು ನೀರು, ಸೋಡಿಯಂ ಕಳೆದುಕೊಂಡು ರಕ್ತ ಆಮ್ಲೀಯವಾಗುವುದರಿಂದ. ಆಂಟಿಬಯೋಟಿಕ್ ಆ ಮೂರರಲ್ಲಿ ಒಂದನ್ನೂ ತುಂಬಿಕೊಡುವುದಿಲ್ಲ.

ತಾಪಮಾನ, ಚೀಪುವ ಬಲ, ಕಣ್ಣಿನ ಗುಳಿ ಇವಿಷ್ಟನ್ನು ಬರೆಯಿರಿ. ಹಸುವಿನ ಜ್ವರವನ್ನೂ ನೋಡಿ. ಅದರ ಮೇವು ಇತ್ತೀಚೆಗೆ ಬದಲಾಗಿದೆಯೇ?

---

ಮೇವು_ಮಜ್ಜಿಗೆ

ಮೇಲಿನವರು ಹೇಳಿದ ನೀರಿನ ಲೆಕ್ಕ ಇಲ್ಲಿದೆ.

ಕೆಳರೆಪ್ಪೆಯನ್ನು ಸ್ವಲ್ಪ ಹೊರಗೆ ಮಾಡಿ, ಗುಡ್ಡೆಗೂ ರೆಪ್ಪೆಗೂ ನಡುವಿನ ಸಂದು ನೋಡಿ. ಆರೋಗ್ಯವಂತ ಕರುವಿನಲ್ಲಿ ಸಂದು ಇರುವುದಿಲ್ಲ. ಸುಮಾರು 4 ಮಿ.ಮೀ ಒಳಹೋಗಿದ್ದರೆ ದೇಹತೂಕದ ಶೇ 7-8ರಷ್ಟು ನೀರು ಹೋಗಿದೆ ಎಂದು ಲೆಕ್ಕ ಹಾಕಬಹುದು. ಕತ್ತಿನ ಚರ್ಮ ಹಿಡಿದೆತ್ತಿ ಬಿಟ್ಟಾಗ ಎರಡು ಸೆಕೆಂಡಿಗಿಂತ ಹೆಚ್ಚು ಗೂಡಿನಂತೆ ನಿಂತರೂ ನೀರು ಕಡಿಮೆಯಾಗಿದೆ ಎಂದೇ ಅರ್ಥ. 38 ಕೆಜಿಗೆ ಶೇ 8 ಎಂದರೆ 3 ಲೀಟರ್. ಇದು ಈಗಾಗಲೇ ಕಳೆದುಹೋಗಿರುವುದು ಮಾತ್ರ. ಭೇದಿ ಮುಂದುವರಿದಷ್ಟೂ ದಿನಕ್ಕೆ ಇನ್ನೂ ಒಂದರಿಂದ ನಾಲ್ಕು ಲೀಟರ್ ಹೋಗುತ್ತಿರುತ್ತದೆ.

ಕರುಗಳಿಗೆಂದೇ ತಯಾರಾದ ಓಆರ್‌ಎಸ್ ಸಿಕ್ಕರೆ ಅದೇ ಒಳ್ಳೆಯದು. ಸಿಗದಿದ್ದರೆ 1 ಲೀಟರ್ ಕುದಿಸಿ ಆರಿಸಿದ ಉಗುರುಬೆಚ್ಚಗಿನ ನೀರಿಗೆ ಅಡುಗೆ ಉಪ್ಪು 3 ಗ್ರಾಂ, ಅಡುಗೆ ಸೋಡಾ 5 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ, ಗ್ಲೂಕೋಸ್ ಪುಡಿ 20 ಗ್ರಾಂ. ಇದರಲ್ಲಿ ಲೀಟರಿಗೆ ಸುಮಾರು 110 ಮಿಲಿಮೋಲ್ ಸೋಡಿಯಂ, ಅಷ್ಟೇ ಗ್ಲೂಕೋಸ್, 60ರಷ್ಟು ಬೈಕಾರ್ಬನೇಟ್ ಇರುತ್ತದೆ. ಗ್ಲೂಕೋಸ್ ಮತ್ತು ಸೋಡಿಯಂ ಜೋಡಿಯಾಗಿಯೇ ಕರುಳಿನ ಗೋಡೆ ದಾಟುವುದರಿಂದ ಒಂದನ್ನು ಬಿಟ್ಟು ಇನ್ನೊಂದನ್ನು ಹಾಕಿ ಪ್ರಯೋಜನವಿಲ್ಲ. ಚಮಚದ ಅಳತೆ ನಂಬಬೇಡಿ, ಗ್ರಾಂ ತೋರಿಸುವ ಚಿಕ್ಕ ತಕ್ಕಡಿಯಲ್ಲಿ ತೂಗಿ. ಉಪ್ಪು ಹೆಚ್ಚಾದರೆ ಮಿದುಳಿಗೆ ಪೆಟ್ಟು.

ಗ್ಲೂಕೋಸ್ ಬದಲು ಸಕ್ಕರೆ ಹಾಕುವುದು ಸಾಮಾನ್ಯ ತಪ್ಪು. ಕರುವಿನ ಕರುಳಿನಲ್ಲಿ ಸಕ್ಕರೆಯನ್ನು ಒಡೆಯುವ ಕಿಣ್ವವೇ ಇಲ್ಲ. ಸಕ್ಕರೆ ಹಾಗೆಯೇ ಕೆಳಗಿಳಿದು ನೀರನ್ನು ಕರುಳಿಗೆ ಎಳೆದುಕೊಂಡು ಭೇದಿ ಹೆಚ್ಚಿಸುತ್ತದೆ. ಬೆಲ್ಲಕ್ಕೂ ಇದೇ ಮಾತು. ಮನುಷ್ಯರ ಓಆರ್‌ಎಸ್ ಪೊಟ್ಟಣ ತುರ್ತಿಗೆ ಏನೂ ಇಲ್ಲದ್ದಕ್ಕಿಂತ ವಾಸಿ, ಆದರೆ ಅದರಲ್ಲಿ ಸೋಡಿಯಂ ಕಡಿಮೆ, ಆಮ್ಲೀಯತೆ ತಗ್ಗಿಸುವ ಅಂಶವಂತೂ ಸಾಲದೇ ಸಾಲದು.

ಒಂದು ಸಲಕ್ಕೆ 2 ಲೀಟರ್ ಮೀರಬೇಡಿ. ದಿನಕ್ಕೆ ಎರಡು-ಮೂರು ಸಲ, ಹಾಲಿನ ಹೊತ್ತುಗಳ ನಡುವೆ ಕೊಡಿ. ಹಾಲು ನಿಲ್ಲಿಸಲೇಬೇಡಿ. "ಹೊಟ್ಟೆಗೆ ವಿಶ್ರಾಂತಿ" ಎಂದು ಎರಡು ದಿನ ಹಾಲು ಕಡಿಯುವುದರಿಂದ ಕರು ಸೊರಗುತ್ತದೆ, ಕರುಳಿನ ಒಳಪದರ ಮತ್ತೆ ಬೆಳೆಯಲು ಬೇಕಾದ ಶಕ್ತಿಯೂ ಸಿಗುವುದಿಲ್ಲ. ಆದರೆ ಸೋಡಾ ಇರುವ ದ್ರಾವಣವನ್ನು ಹಾಲಿಗೆ ಬೆರೆಸಬಾರದು, ಹಾಲು ಕುಡಿದ ಬೆನ್ನಿಗೇ ಕೊಡಲೂ ಬಾರದು. ಸೋಡಾ ಜಠರದ ಆಮ್ಲವನ್ನು ಕುಗ್ಗಿಸುವುದರಿಂದ ಹಾಲು ಅಲ್ಲಿ ಒಡೆದು ಗಟ್ಟಿಯಾಗುವುದಿಲ್ಲ. ಎರಡು-ಮೂರು ಗಂಟೆ ಅಂತರ ಬಿಡಿ.

---

ಕೊಟ್ಟಿಗೆಮನೆ

ಕರು 39.1. ಬೆರಳು ಚೀಪುತ್ತದೆ, ಬಲ ಪರವಾಗಿಲ್ಲ. ಕಣ್ಣಿನ ಸಂದು 2 ಮಿ.ಮೀ ಇರಬಹುದು. ಎದ್ದು ನಿಲ್ಲುತ್ತದೆ.

ಹಸು 38.7. ದಾಣಿ ಮಿಶ್ರಣ ಕಳೆದ ವಾರ ಬದಲಾಗಿದ್ದು ನಿಜ, ಪ್ರಮಾಣವೂ ಹೆಚ್ಚಾಗಿದೆ. ಮೆಲುಕು ಹಾಕುವುದು ಕಡಿಮೆ. ಹಾಲು ಸ್ವಲ್ಪ ಇಳಿದಿದೆ.

---

ಔಷಧಶಾಸ್ತ್ರ_ಪಾಠ

ಕರುವಿಗೆ ಆಂಟಿಬಯೋಟಿಕ್ ಬೇಡ ಎಂಬುದನ್ನು ನಾನು ಇಷ್ಟು ಸಲೀಸಾಗಿ ಒಪ್ಪುವುದಿಲ್ಲ. ಕಾರಣ ವೈರಸ್ಸೇ ಆಗಿರಲಿ, ಭೇದಿಯಾದ ಕರುವಿನ ಸಣ್ಣ ಕರುಳಿನಲ್ಲಿ ಕೋಲಿ ಗುಂಪಿನ ಬ್ಯಾಕ್ಟೀರಿಯಾ ಹಲವು ಪಟ್ಟು ಬೆಳೆಯುತ್ತವೆ. ತೀವ್ರವಾಗಿ ಕಾಯಿಲೆ ಬಿದ್ದ ಕರುಗಳಲ್ಲಿ ಸುಮಾರು ಶೇ 30ರಷ್ಟಕ್ಕೆ ರಕ್ತದಲ್ಲೇ ಬ್ಯಾಕ್ಟೀರಿಯಾ ಸಿಗುತ್ತವೆ. ಗಿಣ್ಣು ಸರಿಯಾಗಿ ಸಿಗದ ಕರುವಾದರೆ ಕಾಯುವುದು ಅಪಾಯ.

---

ಪಶುವೈದ್ಯೆ_ಕ್ಷೇತ್ರಕಾರ್ಯ

ಅಂಕಿ ಸರಿ, ಆದರೆ ಆ ಶೇ 30 ಬಂದದ್ದು ಮಲಗಿಬಿಟ್ಟ, ಹಾಲು ಬಿಟ್ಟ ಕರುಗಳಿಂದ. 39.1 ಇರುವ, ಚೀಪುತ್ತಿರುವ ಕರುವಿಗೆ ಅದನ್ನು ಅನ್ವಯಿಸಲಾಗದು. ಇನ್ನೊಂದು ಬದಿಯೂ ಇದೆ: ನಿಯೋಮೈಸಿನ್, ಟೆಟ್ರಾಸೈಕ್ಲಿನ್, ಆಂಪಿಸಿಲಿನ್‌ಗಳನ್ನು ಆರೋಗ್ಯವಂತ ಕರುಗಳಿಗೆ ಬಾಯಿಗೆ ಹಾಕಿದರೆ ಅವುಗಳಿಂದಲೇ ಭೇದಿ ಬರುತ್ತದೆ. ಕರುಳಿನ ಒಳಗಿನ ಕೂದಲೆಳೆಯಂಥ ಚಾಚುಗಳು ಮೊಟಕಾಗಿ, ಗ್ಲೂಕೋಸ್ ಹೀರುವುದು ಕುಗ್ಗುತ್ತದೆ. ಓಆರ್‌ಎಸ್ ಕೆಲಸ ಮಾಡಬೇಕಾದ ಬಾಗಿಲನ್ನೇ ನಾವು ಮುಚ್ಚಿದಂತೆ.

ಗಿಣ್ಣಿನ ವಿಷಯ ಮಾತ್ರ ಪೂರ್ತಿ ಒಪ್ಪುತ್ತೇನೆ. ಹುಟ್ಟಿದ ಆರು ಗಂಟೆಯೊಳಗೆ ದೇಹತೂಕದ ಹತ್ತನೇ ಒಂದು ಭಾಗದಷ್ಟು ಗಿಣ್ಣು ಹೋಗಿಲ್ಲ ಎಂದು ಗೊತ್ತಿದ್ದರೆ ನಿರ್ಧಾರದ ಗೆರೆಯನ್ನು ಕೆಳಕ್ಕೆ ಎಳೆಯಬೇಕು, ಅಂದರೆ ಆಂಟಿಬಯೋಟಿಕ್ ಬೇಗ ಶುರು ಮಾಡಬೇಕು.

ಆದ್ದರಿಂದ ಈ ಕರುವಿಗೆ ಇವತ್ತು ಓಆರ್‌ಎಸ್ ಮತ್ತು ಹಾಲು. ಎಂಟು-ಹತ್ತು ಗಂಟೆಗೊಮ್ಮೆ ತಾಪಮಾನ. ಜ್ವರ ಏರಿದರೆ ಅಥವಾ ಒಂದು ಹೊತ್ತಿನ ಹಾಲು ಬಿಟ್ಟರೆ ಆಂಟಿಬಯೋಟಿಕ್ ಶುರು. ಅಂಥ ಕರುವಿಗೆ ಚುಚ್ಚುಮದ್ದೇ ಮೊದಲ ಆಯ್ಕೆ, ಯಾಕೆಂದರೆ ಗುರಿ ಕರುಳೊಂದೇ ಅಲ್ಲ, ರಕ್ತವೂ ಹೌದು. ಬಾಯಿಗೇ ಕೊಡುವುದಾದರೆ ಅಮಾಕ್ಸಿಸಿಲಿನ್ ಕೆಜಿಗೆ 10 ಮಿ.ಗ್ರಾಂ, 12 ಗಂಟೆಗೊಮ್ಮೆ. 38 ಕೆಜಿಗೆ ಪ್ರತಿ ಸಲ 380 ಮಿ.ಗ್ರಾಂ, ಮೂರು ದಿನ. 48 ಗಂಟೆಯಲ್ಲಿ ಜ್ವರ ಇಳಿಯದೆ, ಹಾಲೂ ಹಿಡಿಯದಿದ್ದರೆ ದಿನ ಹೆಚ್ಚಿಸಬೇಡಿ, ಔಷಧವನ್ನೇ ಮರುಯೋಚಿಸಬೇಕು. ಯಾವ ಔಷಧ ಎಂಬುದನ್ನು ಕರುವನ್ನು ನೋಡಿದ ವೈದ್ಯರು ಬರೆದುಕೊಡಲಿ. ಆಂಟಿಬಯೋಟಿಕ್‌ಗೆ ಮುಂಚೆಯೇ ಗುದದಿಂದ ನೇರವಾಗಿ 10-20 ಗ್ರಾಂ ಸಗಣಿ ಶುಚಿಯಾದ ಡಬ್ಬಿಗೆ ತೆಗೆದು ತಣ್ಣಗೆ ಇಡಿ, ಹೆಪ್ಪುಗಟ್ಟಿಸಬೇಡಿ. ಔಷಧ ಹಾಕಿದ ಮೇಲೆ ತೆಗೆದ ಮಾದರಿಯಲ್ಲಿ ಬ್ಯಾಕ್ಟೀರಿಯಾ ಬೆಳೆಯದಿದ್ದರೆ ಅದರಿಂದ ಏನೂ ತಿಳಿಯುವುದಿಲ್ಲ.

ಇನ್ನೊಂದು ಎಚ್ಚರ. ಒಂದು ವಾರ ದಾಟಿದ ಕರುಗಳಲ್ಲಿ ಕಣ್ಣು ಅಷ್ಟೇನೂ ಗುಳಿಬಿದ್ದಿರದೆಯೂ ರಕ್ತ ಬಹಳ ಆಮ್ಲೀಯವಾಗಿರಬಹುದು. ನಡೆಯುವಾಗ ಓಲಾಡುತ್ತದೆ, ಚೀಪುವುದು ನಿಲ್ಲುತ್ತದೆ, ಕುಡಿದಂತೆ ಕಾಣುತ್ತದೆ. "ನೀರು ಕಡಿಮೆಯಾದಂತಿಲ್ಲವಲ್ಲ" ಎಂದು ಬಿಟ್ಟರೆ ಸಂಜೆಗೆ ಮಲಗಿರುತ್ತದೆ. ಅದಕ್ಕೆ ಬೈಕಾರ್ಬನೇಟ್ ಡ್ರಿಪ್ ಬೇಕು.

ಹಸುವಿಗೆ ಯಾವ ಬೋಲಸ್ಸೂ ಬೇಡ. ಜ್ವರವಿಲ್ಲ, ದಾಣಿ ಹೆಚ್ಚಾಗಿದೆ, ಮೆಲುಕು ಕಡಿಮೆ. ಇದು ಹೊಟ್ಟೆ ಹುಳಿಯಾಗಿರುವ ಲಕ್ಷಣ. ದಾಣಿಯನ್ನು ಹಳೆಯ ಪ್ರಮಾಣಕ್ಕಿಂತಲೂ ಕೆಳಗಿಳಿಸಿ, ಒಳ್ಳೆಯ ಒಣ ಮೇವು ಬೇಕಾದಷ್ಟು ಕೊಡಿ, ನೀರು ಸದಾ ಮುಂದಿರಲಿ. ಆಮೇಲೆ ದಾಣಿಯನ್ನು ಎರಡು ವಾರದ ಅವಧಿಯಲ್ಲಿ ಹಂತಹಂತವಾಗಿ ಏರಿಸಿ. ಹಸು ಮಲಗಿದರೆ, ಎಡಹೊಟ್ಟೆ ಕುಲುಕಿದಾಗ ನೀರಿನ ಸದ್ದು ಬಂದರೆ, ತೂರಾಡಿದರೆ ಅದು ತುರ್ತು.

---

ಔಷಧಶಾಸ್ತ್ರ_ಪಾಠ

ಸರಿ, ಚೀಪುವ ಕರು ಎಂಬ ಷರತ್ತಿಗೆ ನನ್ನದೂ ಒಪ್ಪಿಗೆ. ಬಾಯಿಗೆ ಹಾಕಿದ್ದು ನೇರ ಕರುಳಿಗೆ ಹೋಗುತ್ತದೆಯೇ ಎಂಬ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ, ಅದನ್ನು ಬಿಡಿಸುತ್ತೇನೆ.

ಮೆಲುಕು ಹಾಕುವ ಹಸುವಿನಲ್ಲಿ ಬೋಲಸ್ ಮೊದಲು ಬೀಳುವುದು ರೂಮೆನ್ ಎಂಬ ದೊಡ್ಡ ಹೊಟ್ಟೆಗೆ. ಸುಮಾರು ನೂರು ಲೀಟರ್ ಹಿಡಿಯುವ, ಕೋಟ್ಯಂತರ ಸೂಕ್ಷ್ಮಜೀವಿಗಳು ಮೇವನ್ನು ಹುಳಿಯಿಸುತ್ತಿರುವ ತೊಟ್ಟಿ ಅದು. ಔಷಧ ಅಲ್ಲಿ ತೆಳುವಾಗುತ್ತದೆ, ನಿಧಾನವಾಗಿ ಮುಂದಕ್ಕೆ ಸಾಗುತ್ತದೆ. ಕೆಲವು ಔಷಧಗಳನ್ನು ಆ ಜೀವಿಗಳೇ ನಾಶಮಾಡುತ್ತವೆ, ಟ್ರೈಮೆಥೊಪ್ರಿಮ್ ಅದರಲ್ಲೊಂದು. ನಿಮ್ಮ ಎರಡನೇ ಬೋಲಸ್‌ನ ಅರ್ಧ ಬಲ ದೊಡ್ಡ ಹಸುವಿನ ರಕ್ತವನ್ನು ಮುಟ್ಟುವುದೇ ಇಲ್ಲ, ಉಳಿಯುವುದು ಬರೀ ಸಲ್ಫಾ. ಮತ್ತೆ ಕೆಲವು ಔಷಧಗಳು ಆ ಜೀವಿಗಳನ್ನೇ ಕೊಲ್ಲುತ್ತವೆ. ಟೆಟ್ರಾಸೈಕ್ಲಿನ್, ಆಂಪಿಸಿಲಿನ್, ಅಮಾಕ್ಸಿಸಿಲಿನ್ ದೊಡ್ಡ ಹಸುವಿಗೆ ಬಾಯಿಗೆ ಹಾಕಿದರೆ ಮೇವು ಬಿಡುವುದು, ಹೊಟ್ಟೆಯ ಚಲನೆ ನಿಲ್ಲುವುದು, ಭೇದಿ ಹೆಚ್ಚುವುದು ಇದರಿಂದ. ಸಲ್ಫಾಡಿಮಿಡಿನ್ ಮಾತ್ರ ರೂಮೆನ್‌ನಲ್ಲಿ ಹಾಳಾಗದೆ ಹೀರಲ್ಪಡುತ್ತದೆ. ಹಸುಗಳ ಬೋಲಸ್‌ಗಳಲ್ಲಿ ಸಲ್ಫಾ ಇಷ್ಟು ಕಾಲ ಉಳಿದುಬಂದದ್ದಕ್ಕೆ ಕಾರಣ ಅದೇ.

ಹಾಲು ಕುಡಿಯುವ ಕರುವಿನಲ್ಲಿ ದಾರಿ ಬೇರೆ. ಚೀಪಿದಾಗ ಅನ್ನನಾಳದ ತುದಿಯಲ್ಲಿರುವ ಒಂದು ಮಡಿಕೆ ಕೊಳವೆಯಂತೆ ಮುಚ್ಚಿಕೊಂಡು ಹಾಲನ್ನು ನೇರ ಜಠರಕ್ಕೆ ಬಿಡುತ್ತದೆ. ಅದರ ಜತೆಗೆ ಹೋದ ಔಷಧವೂ ಅಲ್ಲಿಗೇ. ನಿಪ್ಪಲ್ ಬಾಟಲಿಯಲ್ಲಿ ಕೊಟ್ಟರೆ ಈ ಮಡಿಕೆ ಮುಚ್ಚುತ್ತದೆ. ಹೊಟ್ಟೆಗೆ ಟ್ಯೂಬ್ ಇಳಿಸಿ ಸುರಿದರೆ ಮುಚ್ಚುವುದಿಲ್ಲ, ಎಲ್ಲ ರೂಮೆನ್‌ಗೆ ಹೋಗುತ್ತದೆ. ಓಆರ್‌ಎಸ್ ಆದರೆ ತುಂಬಿ ಹರಿದು ಮುಂದಕ್ಕೆ ಸಾಗುತ್ತದೆ, ಔಷಧವಾದರೆ ತಡವಾಗುತ್ತದೆ.

ಹಾಲಿನಲ್ಲಿ ಏನನ್ನು ಬೆರೆಸಬಹುದು ಎಂಬುದೂ ಔಷಧದ ಮೇಲೆ ಹೋಗುತ್ತದೆ. ಟೆಟ್ರಾಸೈಕ್ಲಿನ್ ಹಾಲಿನ ಕ್ಯಾಲ್ಸಿಯಂಗೆ ಅಂಟಿಕೊಳ್ಳುವುದರಿಂದ ಹೀರಿಕೆ ಕುಸಿಯುತ್ತದೆ. ಭೇದಿ ಕಟ್ಟಲೆಂದು ಕೊಡುವ ಕೇಯೊಲಿನ್, ಇದ್ದಿಲ ಪುಡಿ ಆಂಟಿಬಯೋಟಿಕ್ ಅನ್ನೂ ಹಿಡಿದುಕೊಂಡು ಹೊರಗೆ ಹೋಗುತ್ತವೆ. ಬೆಳಿಗ್ಗೆ ಎರಡನ್ನೂ ಒಂದೇ ಲೋಟದಲ್ಲಿ ಕಲಸಿ ಕುಡಿಸಿ "ಔಷಧ ಹಿಡಿಯಲಿಲ್ಲ" ಎನ್ನುವುದು ಬಹಳ ಕಡೆ ನಡೆಯುತ್ತದೆ.

ನಿಯೋಮೈಸಿನ್ ಕರುಳಿನಿಂದ ಬಹಳ ಕಡಿಮೆ ಹೀರಲ್ಪಡುತ್ತದೆ. ಆ ಮಟ್ಟಿಗೆ "ಕರುಳಿಗೆ ನೇರ" ಎಂಬುದು ನಿಜ. ಆದರೆ ರಕ್ತಕ್ಕಿಳಿದ ಬ್ಯಾಕ್ಟೀರಿಯಾವನ್ನು ಅದು ಮುಟ್ಟುವುದಿಲ್ಲ, ಹೀರಲ್ಪಟ್ಟ ಅಲ್ಪಸ್ವಲ್ಪವೂ ಮೂತ್ರಪಿಂಡದಲ್ಲಿ ಬಹುಕಾಲ ಕೂತಿರುತ್ತದೆ. ನಾನಂತೂ ಶಿಫಾರಸು ಮಾಡುವುದಿಲ್ಲ.

---

ಕೊಟ್ಟಿಗೆಮನೆ

ಹಸುವಿನ ದಾಣಿ ಇಳಿಸಿದೆ. ಹಾಗಾದರೆ ಸಲ್ಫಾ ಬೋಲಸ್ ಯಾವುದಕ್ಕೆ? ಪಕ್ಕದ ಅಂಕಣದಲ್ಲಿ ಎರಡು ತಿಂಗಳ 60 ಕೆಜಿಯ ಕರುಗಳಿವೆ. ಒಂದರ ಸಗಣಿಯಲ್ಲಿ ರಕ್ತದ ಎಳೆ, ತಿಣುಕುತ್ತಿದೆ. ಅದಕ್ಕೆ ಆಗುತ್ತದೆಯೇ?

---

ಪಶುವೈದ್ಯೆ_ಕ್ಷೇತ್ರಕಾರ್ಯ

ವಯಸ್ಸು, ರಕ್ತ, ತಿಣುಕಾಟ ಮೂರೂ ಕಾಕ್ಸಿಡಿಯಾ ಕಡೆ ಬೆರಳು ತೋರಿಸುತ್ತವೆ. ಸಗಣಿ ಪರೀಕ್ಷೆಯಲ್ಲಿ ಮೊಟ್ಟೆಯಂಥ ಕೋಶಗಳು ಕಂಡರೆ ಖಚಿತ. ಜ್ವರ ಹೆಚ್ಚಿದ್ದು, ಸಗಣಿಯಲ್ಲಿ ಲೋಳೆ ಪದರದ ಚೂರುಗಳಿದ್ದರೆ ಸಾಲ್ಮೊನೆಲ್ಲಾವನ್ನೂ ಮರೆಯಬೇಡಿ. ಅದು ಮನುಷ್ಯರಿಗೂ ಹತ್ತುತ್ತದೆ, ಕೈಗವಸು ಹಾಕಿ.

ಕಾಕ್ಸಿಡಿಯಾಕ್ಕೆ ಮೂರು ದಾರಿ. ಆಂಪ್ರೋಲಿಯಂ ದಿನಕ್ಕೆ ಕೆಜಿಗೆ 10 ಮಿ.ಗ್ರಾಂ, 5 ದಿನ: 60 ಕೆಜಿಗೆ 600 ಮಿ.ಗ್ರಾಂ, ಅಂದರೆ ಶೇ 20ರ ಪುಡಿಯಾದರೆ 3 ಗ್ರಾಂ, ಶೇ 9.6ರ ದ್ರಾವಣವಾದರೆ ಆರೂಕಾಲು ಮಿ.ಲೀ. ಟಾಲ್ಟ್ರಾಜುರಿಲ್ ಒಂದೇ ಸಲ, ಕೆಜಿಗೆ 15 ಮಿ.ಗ್ರಾಂ: ಶೇ 5ರ ದ್ರಾವಣ 10 ಕೆಜಿಗೆ 3 ಮಿ.ಲೀ, 60 ಕೆಜಿಗೆ 18 ಮಿ.ಲೀ. ಇದನ್ನು ಹಾಲು ಕೊಡುವ ಹಸುವಿಗೆ ಬಳಸಬಾರದು. ಮೂರನೆಯದು ನಿಮ್ಮ ಸಲ್ಫಾಡಿಮಿಡಿನ್. ಮೊದಲ ದಿನ ದುಪ್ಪಟ್ಟು, ಆಮೇಲೆ ಅದರ ಅರ್ಧ. ಉತ್ಪನ್ನದಿಂದ ಉತ್ಪನ್ನಕ್ಕೆ ಮೊದಲ ದಿನದ ಪ್ರಮಾಣ ಕೆಜಿಗೆ 140ರಿಂದ 220 ಮಿ.ಗ್ರಾಂವರೆಗೆ ಇರುತ್ತದೆ, ನಿಮ್ಮ ಡಬ್ಬಿಯ ಮೇಲಿನದ್ದೇ ಪ್ರಮಾಣ. 140 ಎಂದಿಟ್ಟುಕೊಂಡರೆ 60 ಕೆಜಿಗೆ ಮೊದಲ ದಿನ 8.4 ಗ್ರಾಂ, ನಂತರ ದಿನಕ್ಕೆ 4.2 ಗ್ರಾಂ, ಒಟ್ಟು ಮೂರರಿಂದ ಐದು ದಿನ. ಮೊದಲ ದಿನವೇ ಅರ್ಧ ಪ್ರಮಾಣದಿಂದ ಶುರು ಮಾಡಿದರೆ ರಕ್ತದಲ್ಲಿ ಬೇಕಾದ ಮಟ್ಟ ಮುಟ್ಟುವುದು ತಡವಾಗುತ್ತದೆ. ಮೂರರಲ್ಲಿ ಒಂದನ್ನು ಆರಿಸಿ, ಬೆರೆಸಬೇಡಿ.

ಸಲ್ಫಾದ ತೊಂದರೆ ಮೂತ್ರಪಿಂಡದಲ್ಲಿ. ಮೈಯಲ್ಲಿ ನೀರು ಕಡಿಮೆಯಿದ್ದಾಗ ಅದು ಮೂತ್ರದಲ್ಲಿ ಹರಳುಗಟ್ಟಿ ನಾಳಗಳನ್ನು ಕಟ್ಟುತ್ತದೆ. ಆದ್ದರಿಂದ ಕಣ್ಣು ಗುಳಿಬಿದ್ದ ಕರುವಿಗೆ ಮೊದಲು ನೀರು ತುಂಬಿಸಿ, ಮೂತ್ರ ಬಂದದ್ದು ನೋಡಿ, ಆಮೇಲೆ ಸಲ್ಫಾ. ಐದು ದಿನ ಮೀರಿ ಎಳೆಯಬೇಡಿ.

ಆಂಪ್ರೋಲಿಯಂನ ತೊಂದರೆ ಬೇರೆ. ರಚನೆಯಲ್ಲಿ ಅದು ಬಿ1 ಜೀವಸತ್ವವನ್ನೇ ಹೋಲುತ್ತದೆ, ಪರಾವಲಂಬಿಗೆ ಬಿ1 ಸಿಗದಂತೆ ತಡೆಯುತ್ತದೆ. ಜತೆಗೆ ಬಿ-ಕಾಂಪ್ಲೆಕ್ಸ್ ಟಾನಿಕ್ ಕುಡಿಸಿದರೆ ಔಷಧದ ಕೆಲಸವನ್ನು ನೀವೇ ಅಳಿಸಿದಂತೆ. ಪ್ರಮಾಣ ಬಹಳ ಹೆಚ್ಚಾಗಿ, ಬಹಳ ದಿನ ನಡೆದರೆ ಕರುವಿಗೇ ಬಿ1 ಕೊರತೆಯಾಗಿ ಕಣ್ಣು ಕಾಣದೆ, ತಲೆ ಮೇಲಕ್ಕೆತ್ತಿ ನಿಲ್ಲುತ್ತದೆ. ಆಗ ಔಷಧ ನಿಲ್ಲಿಸಿ ಬಿ1 ಚುಚ್ಚುಮದ್ದು.

ರಕ್ತ ಕಂಡ ಕರುವಿನಲ್ಲಿ ಕರುಳಿನ ಹಾನಿ ಬಹುಪಾಲು ಆಗಿಹೋಗಿದೆ, ಔಷಧದಿಂದ ಅದು ಒಂದೇ ದಿನದಲ್ಲಿ ಸರಿಹೋಗುವುದಿಲ್ಲ. ಹೆಚ್ಚು ಪ್ರಯೋಜನ ಅದೇ ಅಂಕಣದಲ್ಲಿ ಇನ್ನೂ ಚೆನ್ನಾಗಿರುವ ಕರುಗಳಿಗೆ. ಅವೂ ಅದೇ ನೆಲ ನೆಕ್ಕಿವೆ, ಆದ್ದರಿಂದ ಅವಕ್ಕೂ ಕೊಡಿ.

---

ಮೇವು_ಮಜ್ಜಿಗೆ

ಈ ಪ್ರಮಾಣಗಳೆಲ್ಲ ತೂಕ ಸರಿಯಿದ್ದರೆ ಮಾತ್ರ ಸರಿ. ಕಣ್ಣಂದಾಜಿನಲ್ಲಿ ಐವತ್ತು-ನೂರು ಕೆಜಿ ತಪ್ಪುವುದು ಸುಲಭ. ಅಳತೆ ಟೇಪಿನಿಂದ ಮುಂಗಾಲಿನ ಹಿಂದೆ ಎದೆಯ ಸುತ್ತಳತೆ, ಭುಜದ ತುದಿಯಿಂದ ಪೃಷ್ಠದ ಮೂಳೆಯ ತುದಿಯವರೆಗೆ ಉದ್ದ, ಎರಡನ್ನೂ ಸೆಂಟಿಮೀಟರಿನಲ್ಲಿ ತೆಗೆದುಕೊಳ್ಳಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 10,840ರಿಂದ ಭಾಗಿಸಿದರೆ ಕೆಜಿ ಬರುತ್ತದೆ. ಸುತ್ತಳತೆ 150, ಉದ್ದ 130 ಇರುವ ಕಡಸು ಸುಮಾರು 270 ಕೆಜಿ. ಚಿಕ್ಕ ಕರುವನ್ನು ಎತ್ತಿಕೊಂಡು ತಕ್ಕಡಿ ಮೇಲೆ ನಿಂತು, ನಿಮ್ಮ ತೂಕ ಕಳೆಯುವುದೇ ನಂಬಿಕೆಯದು.

ಈಗ ಕೊಡುವ ರೀತಿ. ದೊಡ್ಡ ಬೋಲಸ್ಸನ್ನು ಮುರಿದು ಕರುವಿನ ಗಂಟಲಿಗೆ ತುರುಕಬೇಡಿ, ಅನ್ನನಾಳದಲ್ಲಿ ಸಿಕ್ಕಿಕೊಳ್ಳುತ್ತದೆ. ನುಣ್ಣಗೆ ಪುಡಿಮಾಡಿ, ಬೇಕಾದಷ್ಟನ್ನು ತೂಗಿ, 50-100 ಮಿ.ಲೀ ನೀರಿನಲ್ಲಿ ಕಲಸಿ, ಸೂಜಿ ಇಲ್ಲದ ಸಿರಿಂಜಿನಿಂದ ಕೆನ್ನೆಯ ಒಳಬದಿಗೆ ಸ್ವಲ್ಪಸ್ವಲ್ಪವೇ ಬಿಡಿ. 5 ಗ್ರಾಂ ಬೋಲಸ್ ಎಂದರೆ ಔಷಧವೇ 5 ಗ್ರಾಂ. ಪುಡಿಯ ತೂಕ ಅದಕ್ಕಿಂತ ಹೆಚ್ಚಿರುತ್ತದೆ. ಇಡೀ ಬೋಲಸ್ 6 ಗ್ರಾಂ ತೂಗಿದರೆ, 4.2 ಗ್ರಾಂ ಔಷಧಕ್ಕೆ 5 ಗ್ರಾಂಗಿಂತ ತುಸು ಹೆಚ್ಚು ಪುಡಿ ಬೇಕು. ಈ ಲೆಕ್ಕ ತಪ್ಪಿಸಿಕೊಳ್ಳುವವರೇ ಹೆಚ್ಚು.

ಗೊಟ್ಟದಲ್ಲಿ ಕುಡಿಸುವಾಗ ಮೂತಿ ಕಣ್ಣಿನ ಮಟ್ಟಕ್ಕಿಂತ ಮೇಲೇರಬಾರದು, ನಾಲಿಗೆ ಹಿಡಿದೆಳೆಯಬಾರದು. ನಾಲಿಗೆ ಕೈಯಲ್ಲಿದ್ದರೆ ಹಸು ನುಂಗಲಾರದು, ಔಷಧ ಶ್ವಾಸನಾಳಕ್ಕಿಳಿದು ಎರಡು-ಮೂರು ದಿನದಲ್ಲಿ ನ್ಯುಮೋನಿಯಾ. ಕೆಮ್ಮಿದ ಕೂಡಲೇ ತಲೆ ಬಿಟ್ಟುಬಿಡಿ.

ದೊಡ್ಡ ಹಸುವಿಗೆ ಬೋಲಸ್ ಗನ್ ಬಳಸುವಾಗ ತಲೆಯನ್ನು ಕಟ್ಟಿ, ಪಕ್ಕದಲ್ಲಿ ನಿಂತು, ಒಂದು ಕೈಯನ್ನು ಮೂತಿಯ ಮೇಲಿನಿಂದ ಬಳಸಿ ಮುಂದಿನ ಹಲ್ಲಿಗೂ ದವಡೆ ಹಲ್ಲಿಗೂ ನಡುವಿನ ಖಾಲಿ ಜಾಗದಲ್ಲಿ ಬೆರಳಿಟ್ಟರೆ ಬಾಯಿ ತೆರೆಯುತ್ತದೆ. ಗನ್ನಿನ ತುದಿಗೆ ಎಣ್ಣೆ ಸವರಿ, ನಾಲಿಗೆಯ ಹಿಂಭಾಗದ ಉಬ್ಬು ದಾಟಿಸಿ, ಹಸು ನುಂಗಲು ಶುರುಮಾಡಿದಾಗ ಒತ್ತಿ. ಒತ್ತಡ ಹಾಕಿ ದೂಡಿದರೆ ಗಂಟಲ ಗೋಡೆ ಹರಿದು ಕೀವುಗಟ್ಟುತ್ತದೆ. ಗನ್ನಿನ ತುದಿ ಒರಟಾಗಿದ್ದರೆ ಬಿಸಾಡಿ.

ಟ್ಯೂಬ್ ಇಳಿಸುವುದು ನೋಡಿ ಕಲಿಯಬೇಕಾದ ಕೆಲಸ. ಮೂಗಿನಿಂದ ಮೊಣಕೈವರೆಗೆ ಅಳೆದು ಗುರುತು ಹಾಕಿ. ಇಳಿಸಿದ ಮೇಲೆ ಕತ್ತನ್ನು ಮುಟ್ಟಿ ನೋಡಿದರೆ ಎರಡು ಗಟ್ಟಿ ಕೊಳವೆ ಸಿಗಬೇಕು, ಒಂದು ಶ್ವಾಸನಾಳ, ಇನ್ನೊಂದು ನಿಮ್ಮ ಟ್ಯೂಬ್. ಒಂದೇ ಸಿಕ್ಕರೆ ಟ್ಯೂಬ್ ಶ್ವಾಸನಾಳದೊಳಗಿದೆ. ತೆಗೆಯುವಾಗ ಟ್ಯೂಬ್ ಮಡಚಿ ಹಿಡಿದೇ ತೆಗೆಯಿರಿ, ಇಲ್ಲದಿದ್ದರೆ ಉಳಿದ ನೀರು ಗಂಟಲಲ್ಲಿ ಸುರಿಯುತ್ತದೆ.

---

ಔಷಧಶಾಸ್ತ್ರ_ಪಾಠ

9 ದಿನದ ಕರುವಿನ ಸಗಣಿಯಲ್ಲಿ ಕ್ರಿಪ್ಟೊಸ್ಪೊರಿಡಿಯಂ ಕಂಡರೆ ಹ್ಯಾಲೊಫುಜಿನೋನ್ ಕೊಡೋಣ ಎನ್ನುವ ಮಾತು ಬರಬಹುದು. ಪ್ರಮಾಣ ಕೆಜಿಗೆ 100 ಮೈಕ್ರೊಗ್ರಾಂ, ದಿನಕ್ಕೊಮ್ಮೆ, 7 ದಿನ, ಹಾಲು ಕುಡಿದ ಮೇಲೆ. ಇದು ಕತ್ತಿಯ ಅಲುಗಿನಷ್ಟು ಇಕ್ಕಟ್ಟಿನ ಔಷಧ, ಪ್ರಮಾಣ ಎರಡರಷ್ಟಾದರೆ ವಿಷದ ಲಕ್ಷಣ ಶುರು. ಖಾಲಿ ಹೊಟ್ಟೆಯಲ್ಲಿ ಬೇಡ, ಭೇದಿ ಶುರುವಾಗಿ 24 ಗಂಟೆ ಕಳೆದಿದ್ದರೆ ಬೇಡ, ನಿತ್ರಾಣವಾದ ಕರುವಿಗಂತೂ ಬೇಡವೇ ಬೇಡ. ಭೇದಿ ನಿಲ್ಲಿಸುವುದಕ್ಕಿಂತ ಮುಂದಿನ ಕರುಗಳಿಗೆ ಹರಡುವುದನ್ನು ತಗ್ಗಿಸುವುದರಲ್ಲಿ ಅದರ ಬೆಲೆ.

ದೊಡ್ಡ ಹಸುಗಳ ಬಗ್ಗೆ ಒಂದು ಪಟ್ಟಿ ಇಟ್ಟುಕೊಳ್ಳಿ, ಬೋಲಸ್ ವ್ಯರ್ಥವಾಗುವ ಭೇದಿಗಳದ್ದು. ಚಳಿಗಾಲದಲ್ಲಿ ಇಡೀ ಹಿಂಡಿಗೆ ಒಟ್ಟಿಗೆ ಬಂದು ಕೆಲವೇ ದಿನದಲ್ಲಿ ತಾನಾಗಿ ಹೋಗುವುದು ಕೊರೊನಾವೈರಸ್. ಜ್ವರವಿಲ್ಲದೆ, ಮೇವು ಚೆನ್ನಾಗಿ ತಿನ್ನುತ್ತಲೇ ವಾರಗಟ್ಟಲೆ ಭೇದಿಯಾಗಿ ಸೊರಗುವ ಹಸುವಿಗೆ ಜೋನ್ಸ್ ಕಾಯಿಲೆಯ (ಕರುಳಿಗೆ ಬರುವ ದೀರ್ಘಕಾಲದ ಬ್ಯಾಕ್ಟೀರಿಯಾ ಸೋಂಕು) ಪರೀಕ್ಷೆ ಮಾಡಿಸಿ. ಅಲ್ಲಿ ಯಾವ ಆಂಟಿಬಯೋಟಿಕ್ ಕೋರ್ಸೂ ಗುಣಪಡಿಸುವುದಿಲ್ಲ. ಗಂಟಲ ಕೆಳಗೆ ನೀರು ತುಂಬಿದ ಬಾವು ಇದ್ದರೆ ಜಂತು, ಚಪ್ಪಟೆ ಹುಳುಗಳನ್ನೂ ನೋಡಬೇಕು. ಬಾಯಲ್ಲಿ ಹುಣ್ಣಿನ ಜತೆ ಭೇದಿಯಾದರೆ ವೈದ್ಯರು ಬರುವವರೆಗೆ ಆ ಹಸುವನ್ನು ಬೇರೆ ಮಾಡಿ.

ಮೆಟ್ರೊನಿಡಜೋಲ್, ಫ್ಯೂರಾಜೊಲಿಡೋನ್ ಸೇರಿದ ಹಳೆಯ ಮಿಶ್ರಣಗಳು ಸಿಕ್ಕರೂ ಮುಟ್ಟಬೇಡಿ. ಆಹಾರಕ್ಕೆ ಬಳಸುವ ಪ್ರಾಣಿಗಳಿಗೆ ಇವು ಹಲವು ದೇಶಗಳಲ್ಲಿ ನಿಷಿದ್ಧ. ಕೊಲಿಸ್ಟಿನ್ ಮನುಷ್ಯರ ಕೊನೆಯ ಸಾಲಿನ ಔಷಧ, ಅದು ಕೊಟ್ಟಿಗೆಗೆ ಬರಲೇಬಾರದು.

---

ಕೊಟ್ಟಿಗೆಮನೆ

ಕರು ಎರಡು ಹೊತ್ತು ಓಆರ್‌ಎಸ್ ಕುಡಿದಿದೆ, 39.0. ಕೊನೆಯ ಪ್ರಶ್ನೆ: ಮುಂದೆಂದಾದರೂ ಹಾಲಿನ ಹಸುವಿಗೆ ಸಲ್ಫಾ ಕೊಡಲೇಬೇಕಾದರೆ ಹಾಲು ಎಷ್ಟು ದಿನ ಬಿಡಬೇಕು? ಆ ಹಾಲು ಕರುಗಳಿಗೆ ಹಾಕಬಹುದೇ? ಔಷಧದಿಂದ ಹಸುವಿನ ಹೊಟ್ಟೆ ಕೆಟ್ಟರೆ ಏನು ಮಾಡುವುದು?

---

ಪಶುವೈದ್ಯೆ_ಕ್ಷೇತ್ರಕಾರ್ಯ

ಹಾಲು ಬಿಡುವ ಅವಧಿ ಔಷಧದ ಹೆಸರಿಗಲ್ಲ, ಆ ಉತ್ಪನ್ನಕ್ಕೆ ಅಂಟಿಕೊಂಡಿರುವುದು. ಡಬ್ಬಿಯ ಮೇಲೆ ಹಾಲಿಗೆ ಮತ್ತು ಮಾಂಸಕ್ಕೆ ಬೇರೆಬೇರೆ ಅವಧಿ ಬರೆದಿರುತ್ತದೆ, ಕೊನೆಯ ಡೋಸ್‌ನಿಂದ ಎಣಿಸಬೇಕು. ಬರೆದದ್ದಕ್ಕಿಂತ ಹೆಚ್ಚು ಪ್ರಮಾಣ ಅಥವಾ ಹೆಚ್ಚು ದಿನ ಕೊಟ್ಟರೆ ಆ ಅವಧಿಗೆ ಬೆಲೆಯಿಲ್ಲ, ವೈದ್ಯರು ಹೊಸದಾಗಿ ಹೇಳಬೇಕು. ಹಾಲಿನ ಹಸುವಿಗೆ ಅನುಮತಿಯೇ ಇಲ್ಲದ ಸಲ್ಫಾ ಉತ್ಪನ್ನಗಳೂ ಇವೆ. ಅಮೆರಿಕದಲ್ಲಿ ಹಾಲಿನ ಹಸುವಿಗೆ ಸಲ್ಫಾಡಿಮಿಡಿನ್ ಕೊಡುವಂತಿಲ್ಲ. ಕುದಿಸಿದರೆ ಶೇಷ ಹೋಗುತ್ತದೆ ಎಂಬುದು ಸುಳ್ಳು. ಒಂದು ಹಸುವಿನ ಹಾಲು ಇಡೀ ಟ್ಯಾಂಕನ್ನು ಕೆಡಿಸಬಹುದು. ಮೊಸರು, ಚೀಸ್ ಮಾಡುವ ಬ್ಯಾಕ್ಟೀರಿಯಾ ಕೂಡ ಆ ಶೇಷಕ್ಕೆ ಸಾಯುತ್ತವೆ.

ಆ ಹಾಲನ್ನು ಕರುಗಳಿಗೆ ಹಾಕಬೇಡಿ. ಅತ್ಯಲ್ಪ ಪ್ರಮಾಣದ ಆಂಟಿಬಯೋಟಿಕ್ ದಿನವೂ ಹೋದರೆ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳೇ ಕರುಳಿನಲ್ಲಿ ಉಳಿದು ಬೆಳೆಯುತ್ತವೆ. ನಾಳೆ ನಿಜಕ್ಕೂ ಬೇಕಾದಾಗ ಅದೇ ಔಷಧ ಕೈಕೊಡುತ್ತದೆ.

ಹೊಟ್ಟೆ ಕೆಟ್ಟ ಹಸುವಿಗೆ ಆರೋಗ್ಯವಂತ ಹಸುವಿನ ರೂಮೆನ್ ದ್ರವ ಒಳ್ಳೆಯ ಮದ್ದು. ಟ್ಯೂಬಿನಿಂದ ತೆಗೆದು, ಜಾಳಿಗೆ ಬಟ್ಟೆಯಲ್ಲಿ ಸೋಸಿ, ಬೆಚ್ಚಗಿರುವಾಗಲೇ ಟ್ಯೂಬಿನಿಂದಲೇ ಕೊಡಬೇಕು. ದೊಡ್ಡ ಹಸುವಿಗೆ ಕನಿಷ್ಠ 3 ಲೀಟರ್. 8 ಲೀಟರಿನ ಮೇಲೆ ಸಿಕ್ಕರೆ ಇನ್ನೂ ಒಳ್ಳೆಯದು. ತಣ್ಣಗಾಗುವಂತೆ, ಗಾಳಿಗೆ ತೆರೆದು ಬಿಟ್ಟರೆ ಅದರಲ್ಲಿರುವ ಜೀವಿಗಳು ಸಾಯುತ್ತವೆ. ಕೊಡುವ ಹಸುವಿಗೆ ಜೋನ್ಸ್, ಸಾಲ್ಮೊನೆಲ್ಲಾ ಇಲ್ಲವೆಂದು ಗೊತ್ತಿರಬೇಕು. ಆಂಟಿಬಯೋಟಿಕ್ ಕೋರ್ಸ್ ಮುಗಿದ ಮೇಲೆ ಕೊಡಿ, ನಡುವೆ ಕೊಟ್ಟರೆ ಅದೂ ಸಾಯುತ್ತದೆ.

ಕರುಗಳ ಅಂಕಣ ತೊಳೆಯುವಾಗ ಬ್ಲೀಚಿಂಗ್ ಪುಡಿಯನ್ನು ನಂಬಿ ಕೂರಬೇಡಿ. ಕ್ರಿಪ್ಟೊಸ್ಪೊರಿಡಿಯಂ ಮತ್ತು ಕಾಕ್ಸಿಡಿಯಾದ ಕೋಶಗಳು ಅದಕ್ಕೆ ಜಗ್ಗುವುದಿಲ್ಲ. ಸಗಣಿ ಪೂರ್ತಿ ಕೆರೆದು, ಕುದಿಯುವ ನೀರು ಅಥವಾ ಹಬೆ ಹಾಯಿಸಿ, ನೆಲ ಬಿಸಿಲಿಗೆ ಚೆನ್ನಾಗಿ ಒಣಗಲು ಬಿಡಿ. ಹುಷಾರಾದ ಕರುಗಳಿಗೆ ಮೊದಲು ಹಾಲು ಕುಡಿಸಿ, ಭೇದಿಯ ಕರುವಿನ ಬಳಿ ಕೊನೆಗೆ ಹೋಗಿ; ಅದರ ಬಾಟಲಿ, ನಿಪ್ಪಲ್, ಬಕೆಟ್ ಬೇರೆಯೇ ಇರಲಿ.